ಒಬಾಚಾನ್ ಹೇಳದ ಒಂಬತ್ತನೇ ಇನ್ನಿಂಗ್ಸ್

ನನಗೆ ಪಕ್ಕದ ಮನೆ ಅಜ್ಜಿಯನ್ನು ಕಂಡರೆ ಹೊಟ್ಟೆಕಿಚ್ಚು. ಸುತ್ತಿಬಳಸಿ ಮಾತಾಡುವ ಜಾಯಮಾನ ನನ್ನದಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಅವರಿಗೆ ತೊಂಬತ್ತು ದಾಟಿತ್ತು. ಬೆನ್ನು ಬಾಗಿ ನನ್ನ ಮೊಣಕೈ ಎತ್ತರಕ್ಕೆ ಬರುತ್ತಿದ್ದರು. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ನಾನು ಬಾಯಿ ತೆರೆಯುವ ಮೊದಲೇ ಇನ್ನೂ ಬಾಗಿ ನಮಸ್ಕಾರ ಹೇಳುತ್ತಿದ್ದರು. ಅಂಥ ಮುದುಕಿಯ ಮೇಲೆ ಹೊಟ್ಟೆಕಿಚ್ಚು ಪಡೋಕೆ ನಾಚಿಕೆ ಆಗಲ್ವಾ ಅಂತ ನನ್ನ ಗಂಡ ಎಷ್ಟೋ ಸಲ ಕೇಳಿದ್ದಾರೆ. ಆಗಲ್ಲ. ನನ್ನ ಹೊಟ್ಟೆ, ನನ್ನ ಕಿಚ್ಚು. ಇರುವವಳು ಒಬ್ಬಳೇ ಮಗಳು, ಅವಳೂ ಸ್ಕೂಲಿನಿಂದ ಬಂದವಳು ನಮ್ಮ ಮನೆ ಬಾಗಿಲು ದಾಟಿ ಹೋಗಿ ಅವರ ಮನೆ ಬಾಗಿಲು ತಟ್ಟುತ್ತಿದ್ದಳು ಅಂದಮೇಲೆ ಇನ್ನೇನಾಗಬೇಕು.

ನಾವಿರೋದು ಒಸಾಕಾದ ಅಂಚಿನಲ್ಲಿ, ಸಬ್‌ವೇ ಇಳಿದು ಲೋಕಲ್ ರೈಲು ಹತ್ತಬೇಕಾದ ಕಡೆ. ಕಂಪನಿ ನನ್ನನ್ನು ಮೈಸೂರಿನಿಂದ ಇಲ್ಲಿಗೆ ಕಳಿಸುವಾಗ ಎರಡು ವರ್ಷದ ಮಾತು ಅಂದಿತ್ತು. ಮಗಳು ಇಲ್ಲೇ ಹುಟ್ಟಿದಳು. ನಾನು ಹೇಳುತ್ತಿರುವ ಕಾಲಕ್ಕೆ ಮೂರನೇ ಕ್ಲಾಸಿನಲ್ಲಿದ್ದಳು. ಗಂಡನ ಕೆಲಸ ಕಾವಾಸಾಕಿಯಲ್ಲಿ, ಶುಕ್ರವಾರ ಬಂದರೆ ಭಾನುವಾರ ವಾಪಸ್. ಹಾಗಾಗಿ ವಾರವಿಡೀ ಮನೆಯಲ್ಲಿ ನಾವಿಬ್ಬರೇ. ನಾನು ಕನ್ನಡದಲ್ಲಿ ಕೂಗುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಕೋಪ ಬಂದರೆ ಜಪಾನೀಸಿನಲ್ಲಿ. ಕನ್ನಡ ಅಷ್ಟೂ ಅರ್ಥವಾಗುತ್ತೆ, ಬಾಯಿಗೆ ಮಾತ್ರ ಬರಲ್ಲ. ಬರಲ್ಲ ಅಂತೇನಲ್ಲ, ಬರಿಸಿಕೊಳ್ಳಲ್ಲ. ಊಟಕ್ಕೆ ಬಾರೇ ಅಂದರೆ ಫೈವ್ ಮಿನಿಟ್ಸ್, ಸ್ಕೂಲಲ್ಲಿ ಏನಾಯ್ತೇ ಅಂದರೆ ನಥಿಂಗ್.

ಎಲ್ಲ ಶುರುವಾಗಿದ್ದು ಒಂದು ಬೀಗದ ಕೈಯಿಂದ. ಒಂದು ದಿನ ಅವಳು ಕೀ ಮರೆತು ಹೋಗಿದ್ದಳು. ನಾನು ಆಫೀಸು ಮುಗಿಸಿ ಬಂದರೆ ನಮ್ಮ ಬಾಗಿಲ ಮುಂದೆ ಯಾರೂ ಇಲ್ಲ. ಸ್ಕೂಲಿಗೆ ಫೋನ್ ಮಾಡೋಕೆ ಬ್ಯಾಗಿಗೆ ಕೈ ಹಾಕಿದೆ. ಅಷ್ಟರಲ್ಲಿ ಪಕ್ಕದ ಮನೆಯಿಂದ ಅವಳ ನಗು ಕೇಳಿಸಿತು. ಒಳಗೆ ಹೋಗಿ ನೋಡಿದರೆ ಚಾಪೆಯ ಮೇಲೆ ಬೋರಲು ಮಲಗಿಕೊಂಡು, ಪಟಪಟ ಅಂತ ಒಂದೇ ಸಮನೆ ಮಾತಾಡುತ್ತಿದ್ದಾಳೆ. ಅಪ್ಪಟ ಒಸಾಕಾ ಜಪಾನೀಸು. ನಾನು ಆಫೀಸಿನಲ್ಲಿ ಕಲಿತ ಮರ್ಯಾದೆಯ ಜಪಾನೀಸು ಅದರ ಮುಂದೆ ಏನೇನೂ ಅಲ್ಲ. ಅಜ್ಜಿ ಎದುರಿಗೆ ಮೊಣಕಾಲೂರಿ ಕೂತಿದ್ದರು. ಇಬ್ಬರ ನಡುವೆ ನೆಲದ ಮೇಲೆ ನಾಲ್ಕು ಪುಟ್ಟ ದಿಂಬುಗಳನ್ನು ಚೌಕವಾಗಿ ಇಟ್ಟು, ಅದರ ಮೇಲೆ ಕಪ್ಪು ಸೋಯಾ ಕಾಳುಗಳನ್ನು ಒಂದೊಂದಾಗಿ ಸರಿಸುತ್ತಿದ್ದರು. ನನ್ನನ್ನು ನೋಡಿ ಮಗಳು ಅಂದಿದ್ದು ಒಂದೇ ಮಾತು, ಫೈವ್ ಮಿನಿಟ್ಸ್.

ಸ್ಕೂಲು ಮುಗಿದ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಕ್ಕೆ ಅವಳನ್ನು ಸೇರಿಸಿದ್ದೆ. ಮಾರನೇ ದಿನದಿಂದ ಅಲ್ಲಿಗೆ ಹೋಗೋದೇ ಬಿಟ್ಟಳು. ಅಜ್ಜಿ ಕೈ ಅಲ್ಲಾಡಿಸಿ, ತೊಂದರೆಯೇ ಇಲ್ಲ, ಬರಲಿ ಬಿಡಿ ಅಂದರು. ನನಗೆ ಅನುಕೂಲವೇ ಆಯಿತು, ಇಲ್ಲ ಅನ್ನಲ್ಲ. ಆದರೆ ಯಾರ ಮೇಲೆ ಉರಿದುಕೊಳ್ಳುತ್ತೇವೋ ಅವರಿಗೇ ದಿನಾ ತಲೆಬಾಗಿ ಥ್ಯಾಂಕ್ಸ್ ಹೇಳಬೇಕು ಅಂದರೆ ಹೇಗಿರುತ್ತೆ ಹೇಳಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಬಾಯಿ ತುಂಬ ಅರಿಗಾತೋ ಅಂದು ಒಳಗೆ ಬಂದು ಪಾತ್ರೆ ಕುಕ್ಕುತ್ತಿದ್ದೆ.

ಆ ಕಾಳುಗಳು ಏನು ಅಂತ ಊಟದ ಹೊತ್ತಿಗೆ ಗೊತ್ತಾಯಿತು. ಬಿಸಿಬೇಳೆಬಾತ್ ಬಡಿಸಿದ್ದೆ. ಅವಳು ಅದರಲ್ಲಿದ್ದ ಕಡಲೆಬೀಜ ಆರಿಸಿ ತಟ್ಟೆಯ ಸುತ್ತ ಓಡಿಸತೊಡಗಿದಳು. ಒಬಾಚಾನ್, ಅಂದರೆ ಅಜ್ಜಿ, ಚಿಕ್ಕ ಹುಡುಗಿ ಆಗಿದ್ದಾಗ ಅವರಪ್ಪನ ಜೊತೆ ಒಂದು ಬೇಸ್‌ಬಾಲ್ ಮ್ಯಾಚಿಗೆ ಹೋಗಿದ್ದರಂತೆ. ದೊಡ್ಡ ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ. ದುಡ್ಡಿಗೆ ಆಡುವ ಟೀಮುಗಳು ಆಗಿನ್ನೂ ಹೊಸದು, ಅದನ್ನು ನೋಡೋಕೆ ಹೋಗುವವರನ್ನು ಕೆಲಸವಿಲ್ಲದವರು ಅಂತ ಆಡಿಕೊಳ್ಳುತ್ತಿದ್ದ ಕಾಲ. ಅವರಪ್ಪ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿದ್ದರು, ಉಗುರು ಯಾವಾಗಲೂ ನೀಲಿ. ಆವತ್ತು ಅಪ್ಪನ ಟೀಮು ಸೋತ ಹಾಗೆ ಯಾವ ಟೀಮೂ ಸೋತಿರಲಿಲ್ಲವಂತೆ. ಎದುರಾಳಿಗಳು ಮೂವತ್ತರ ಮೇಲೆ ರನ್ ಹೊಡೆದರಂತೆ. ಸ್ಕೋರ್ ಬೋರ್ಡಿಗೆ ಅಂಕಿ ಬರೆದ ಹಲಗೆ ನೇತುಹಾಕುತ್ತಿದ್ದವನು ಒಂದು ಚೌಕದಲ್ಲಿ ಎರಡು ಹಲಗೆ ಹಿಡಿಯದೆ, ಒಂದನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದನಂತೆ. ಇಷ್ಟನ್ನೂ ಅವಳು ಉಸಿರು ಬಿಡದೆ ಹೇಳಿದಳು, ಇಂಗ್ಲಿಷಿನಲ್ಲಿ. ನಥಿಂಗ್ ಅನ್ನುತ್ತಿದ್ದ ಹುಡುಗಿ.

ನನಗೆ ಏನನ್ನಿಸಿತು ಅಂತ ಹೇಳಿಬಿಡುತ್ತೇನೆ. ಮೂವತ್ತು ರನ್ನಾ? ಅದಕ್ಕೆ ಇಷ್ಟು ರಂಪವಾ? ನಮ್ಮ ಬೀದಿ ಹುಡುಗರು ಟೆನಿಸ್ ಬಾಲಿನಲ್ಲಿ ಮೂರು ಓವರಿಗೆ ಅಷ್ಟು ಹೊಡೆಯುತ್ತಿದ್ದರು. ಇಷ್ಟು ವರ್ಷ ಜಪಾನಿನಲ್ಲಿದ್ದೂ ನಾನು ಬೇಸ್‌ಬಾಲ್ ಕಡೆ ತಿರುಗಿ ನೋಡಿದವಳಲ್ಲ. ಆಫೀಸಿನಲ್ಲಿ ಯಾರಾದರೂ ಆ ಮಾತು ತೆಗೆದರೆ ತಲೆಯಾಡಿಸಿ ಕಾಫಿ ಮಷೀನಿನ ಕಡೆ ಹೋಗಿಬಿಡುತ್ತಿದ್ದೆ. ಹಾಗಾಗಿ ನನ್ನ ತಲೆಯಲ್ಲಿ ಕೂತಿದ್ದು ಇಷ್ಟು: ಪಾಪ, ಅಜ್ಜಿಯ ಕಾಲದಲ್ಲಿ ಆಟ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ, ಗೆದ್ದವರು ಮೂವತ್ತಕ್ಕೇ ಕುಣಿದರು, ಸೋತವರು ಮೂವತ್ತಕ್ಕೇ ಅತ್ತರು.

ಮಾರನೇ ದಿನ ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನ ಹಾಕಿಕೊಂಡು ಹೋಗಿ ಅಜ್ಜಿಗೆ ಕೊಟ್ಟೆ. ಋಣ ಇಟ್ಟುಕೊಳ್ಳಬಾರದು ನೋಡಿ. ಕೊಟ್ಟು ಸುಮ್ಮನೆ ಬರಬೇಕಿತ್ತು. ನನ್ನ ಆಫೀಸು ಜಪಾನೀಸಿನಲ್ಲಿ ಸಮಾಧಾನ ಹೇಳೋಕೆ ಹೋದೆ. ಆ ಮ್ಯಾಚಿನ ಸುದ್ದಿ ಕೇಳಿದೆ, ಮೂವತ್ತು ಅಂದರೆ ತೀರಾ ಕಡಿಮೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಇನ್ನೊಂದು ಸ್ವಲ್ಪ ಪ್ರಯತ್ನಪಟ್ಟಿದ್ದರೆ ನಿಮ್ಮ ತಂದೆಯವರ ಟೀಮೇ ಗೆಲ್ಲುತ್ತಿತ್ತು ಅಂದೆ. ಅಜ್ಜಿ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು, ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂದು ಗೋಡೆ ಹಿಡಿದುಕೊಂಡರು. ಮಗಳ ಮುಖ ಕೆಂಪಗಾಗಿತ್ತು. ಆವತ್ತಿಡೀ ನನ್ನ ಜೊತೆ ಯಾವ ಭಾಷೆಯಲ್ಲೂ ಮಾತಾಡಲಿಲ್ಲ.

ಗಂಡನಿಗೆ ಫೋನ್ ಮಾಡಿ ಹೇಳಿದರೆ ಅವರೂ ನಕ್ಕರು. ಆಮೇಲೆ ಬಿಡಿಸಿ ಹೇಳಿದರು. ಚೌಕದ ನಾಲ್ಕೂ ಮೂಲೆ ಸುತ್ತಿ ಹೊರಟ ಜಾಗಕ್ಕೇ ವಾಪಸ್ ಬಂದರೆ ಒಂದು ರನ್. ಎರಡೂ ಕಡೆಯವರಿಗೆ ಒಂಬತ್ತೊಂಬತ್ತು ಇನ್ನಿಂಗ್ಸ್. ಅಷ್ಟರಲ್ಲಿ ನಾಲ್ಕೈದು ರನ್ ಬಂದರೆ ಒಳ್ಳೆಯ ಸ್ಕೋರು. ಮೂವತ್ತು ಅಂದರೆ ಕ್ರಿಕೆಟ್ಟಿನಲ್ಲಿ ಒಂದೇ ದಿನ ಸಾವಿರ ರನ್ ಹೊಡೆದ ಹಾಗೆ ಅಂದರು. ನೆಲ ಬಿರಿದು ನನ್ನನ್ನು ನುಂಗಬಾರದಾ ಅನ್ನಿಸಿತು. ಆದರೂ ಸಿಟ್ಟು ಬಂದಿದ್ದು ಅಜ್ಜಿಯ ಮೇಲೆಯೇ. ನಗುವವರು ಒಂದು ಚೂರು ಕಡಿಮೆ ನಗಬಹುದಿತ್ತು.

ಮೂರು ದಿನ ಬಿಟ್ಟು ನನ್ನ ಡಬ್ಬಿ ವಾಪಸ್ ಬಂತು. ಫಳಫಳ ತೊಳೆದು, ಬಟ್ಟೆಯಲ್ಲಿ ಗಂಟು ಕಟ್ಟಿ, ಒಳಗೆ ಬೇಯಿಸಿದ ಸಿಹಿಗುಂಬಳಕಾಯಿ. ಬಂದಿದ್ದಕ್ಕೆ ಏನಾದರೂ ಹಿಂದಕ್ಕೆ ಕೊಡಲೇಬೇಕು ಅನ್ನುವುದು ಇಲ್ಲಿನವರ ರಿವಾಜು. ಬೇರೆಯವರು ತುಂಬಿಸಿ ಕೊಟ್ಟ ಡಬ್ಬಿಯನ್ನು ಹಾಗೇ ತೊಳೆದಿಟ್ಟುಕೊಂಡು ಸುಮ್ಮನಿರೋದು ನಮ್ಮಮ್ಮ ನನ್ನನ್ನು ಬೆಳೆಸಿದ ರೀತಿಯಲ್ಲ. ಮೈಸೂರುಪಾಕ್ ಕಳಿಸಿದೆ. ಮಿಕಾನ್ ಕಿತ್ತಳೆ ಬಂತು. ಕೋಡುಬಳೆ ಕಳಿಸಿದೆ. ಉಪ್ಪಿನಲ್ಲಿ ಹಾಕಿದ ಮೂಲಂಗಿ ಬಂತು. ಇಬ್ಬರೂ ಔಟ್ ಆಗಲ್ಲ ಅಂತೀರಿ, ಈ ಮ್ಯಾಚು ಮುಗಿಯೋದು ಯಾವಾಗ ಅಂತ ಗಂಡ ರೇಗಿಸುತ್ತಿದ್ದರು. ಅವರಿಗೇನು, ವಾರಕ್ಕೊಮ್ಮೆ ಬಂದು ಎರಡೂ ಕಡೆಯದನ್ನು ತಿಂದು ಹೋಗುತ್ತಿದ್ದರು. ನಾನಂತೂ ಮನಸ್ಸಿನಲ್ಲೇ ಸ್ಕೋರು ಇಟ್ಟಿದ್ದೆ. ಮೂಲಂಗಿಗೂ ಕೋಡುಬಳೆಗೂ ಎಲ್ಲಿಂದೆಲ್ಲಿಗೆ. ಆದರೆ ಮಗಳು ಮೂಲಂಗಿಯನ್ನೇ ತಿಂದಳು.

ಅಜ್ಜಿ ಕಥೆಯನ್ನು ಒಂದೇ ಸಲ ಹೇಳಿ ಮುಗಿಸುವವರಲ್ಲ. ಎಳೆ ಎಳೆಯಾಗಿ ಬಿಡುತ್ತಿದ್ದರು. ಒಂದು ಇನ್ನಿಂಗ್ಸು ಮುಗಿಯೋಕೆ ವಾರಗಟ್ಟಲೆ. ಎರಡನೇದರಲ್ಲಿ ಅಪ್ಪ ಕೊಂಡುಕೊಟ್ಟ ಬೇಯಿಸಿದ ಮೊಟ್ಟೆ, ಮೂರನೇದರಲ್ಲಿ ಅಪ್ಪನ ಟೀಮಿನವರು ಹೇಗೋ ಹೊಡೆದ ಒಂದೇ ಒಂದು ರನ್ನು, ನಾಲ್ಕನೇದರಲ್ಲಿ ಚೆಂಡೆಸೆಯುವವನು ದಣಿದು ಮೈದಾನದ ಮಧ್ಯೆಯೇ ಕುಕ್ಕರುಗಾಲಿನಲ್ಲಿ ಕೂತಿದ್ದು. ಐದನೇದಕ್ಕೆ ಜನ ಎದ್ದು ಹೋಗೋಕೆ ಶುರುಮಾಡಿದರು. ಮನೆಗೆ ಹೋಗೋಣ ಅಂತ ಹುಡುಗಿ ಅಪ್ಪನ ತೋಳು ಎಳೆದಾಗಲೆಲ್ಲ ಅಪ್ಪ ಒಂದೇ ಮಾತು ಹೇಳುತ್ತಿದ್ದರಂತೆ: ಇನ್ನೂ ಮುಗಿದಿಲ್ಲ. ಈ ಮಾತನ್ನು ಮಗಳು ಅಜ್ಜಿಯ ದನಿಯಲ್ಲೇ ಹೇಳುತ್ತಿದ್ದಳು, ಅಜ್ಜಿ ಅವರಪ್ಪನ ದನಿಯಲ್ಲಿ ಹೇಳುತ್ತಿದ್ದರೇನೋ. ನನ್ನ ಊಟದ ಮೇಜಿನಲ್ಲಿ ನನಗೆ ಗೊತ್ತಿಲ್ಲದ ಒಬ್ಬ ಸತ್ತುಹೋದ ಮನುಷ್ಯ ಬಂದು ಕೂತಿದ್ದ, ನನ್ನ ಮಾತಿಗೆ ಮಾತ್ರ ಜಾಗವಿರಲಿಲ್ಲ.

ನಾನೇನು ಕಡಿಮೆ ಅಂತ ನಮ್ಮಪ್ಪನ ಕಥೆ ತೆಗೆದೆ. ಟ್ರಾನ್ಸಿಸ್ಟರ್ ಇಟ್ಟುಕೊಂಡು ನಮ್ಮ ಮನೆ ಜಗಲಿಯಲ್ಲಿ ಅರ್ಧ ಬೀದಿಯೇ ಕಾಮೆಂಟರಿ ಕೇಳುತ್ತಿದ್ದುದು, ವಿಕೆಟ್ ಬಿದ್ದಾಗ ನಮ್ಮಪ್ಪ ರೇಡಿಯೋಗೆ ಬೆನ್ನು ತಿರುಗಿಸಿ ಕೂರುತ್ತಿದ್ದುದು, ಐದು ದಿನ ಆಡಿ ಕೊನೆಗೆ ಡ್ರಾ ಆಗಿ ಎಲ್ಲರೂ ಒಬ್ಬರ ಕೈ ಒಬ್ಬರು ಕುಲುಕಿದ್ದು. ಕೈ ಆಡಿಸಿ, ದನಿ ಏರಿಸಿ ಇಳಿಸಿ ಹೇಳಿದೆ. ಅವಳು ಸೌಜನ್ಯಕ್ಕೆ ಕೇಳಿದಳು. ಕೇಳಿ, ಐದು ದಿನ ಆಡಿಯೂ ಯಾರೂ ಗೆಲ್ಲಲಿಲ್ಲವಾ, ಮತ್ತೆ ಯಾಕೆ ಆಡಿದರು ಅಂದಳು. ಮಾರನೇ ದಿನ ಅದನ್ನು ಅಜ್ಜಿಗೆ ಹೇಳಿ ಇಬ್ಬರೂ ನಕ್ಕಿದ್ದು ಗೋಡೆಯಾಚೆಯಿಂದ ಕೇಳಿಸಿತು.

ತಡೆಯಲಾರದೆ ನಿಜವಾದ ಮ್ಯಾಚಿಗೇ ಟಿಕೆಟ್ ತಗೊಂಡೆ. ಅಜ್ಜಿ ಬರೀ ಕಾಳು ಸರಿಸುತ್ತಾರೆ, ನಾನು ಸ್ಟೇಡಿಯಮ್ಮೇ ತೋರಿಸುತ್ತೇನೆ ಅಂತ ಹಟ. ಒಳ್ಳೆ ಸೀಟು, ತಲೆಗೊಂದು ಕ್ಯಾಪು, ಕೇಳಿದ್ದೆಲ್ಲ ಕೊಡಿಸಿದೆ. ಮಗಳು ನನ್ನ ಭುಜಕ್ಕೆ ಒರಗಿಕೊಂಡು ಯಾರು ಏನು ಅಂತ ವಿವರಿಸುತ್ತಿದ್ದಳು, ನನ್ನ ಹೊಟ್ಟೆಗೆ ಹಾಲು ಹೊಯ್ದ ಹಾಗಿತ್ತು. ಏಳನೇ ಇನ್ನಿಂಗ್ಸಿನ ಹೊತ್ತಿಗೆ ಒಂದು ಕಡೆಯವರು ಪೂರಾ ಸೋತಿದ್ದರು. ಆಮೇಲೆ ರೈಲು ರಶ್ ಆಗುತ್ತೆ, ಈಗಲೇ ಹೊರಡೋಣ ಅಂತ ಎದ್ದೆ. ಅವಳು ಏಳಲಿಲ್ಲ. ಮೈದಾನದಿಂದ ಕಣ್ಣು ತೆಗೆಯದೆ ಹೇಳಿದಳು, ಇನ್ನೂ ಮುಗಿದಿಲ್ಲ. ಅದೇ ಒಸಾಕಾ ಜಪಾನೀಸು, ಅದೇ ದನಿ. ದುಡ್ಡು ನನ್ನದು, ಟಿಕೆಟ್ ನನ್ನದು, ಮಾತು ಮಾತ್ರ ಆ ಮನೆಯದು. ಉಳಿದ ಆಟವಿಡೀ ಮುಖ ಊದಿಸಿಕೊಂಡು ಕೂತಿದ್ದೆ.

ಫೆಬ್ರವರಿಯಲ್ಲಿ ಒಂದು ಸಂಜೆ ಲಿಫ್ಟಿನ ಹತ್ತಿರ ಅಜ್ಜಿಯ ಮಗ ಸಿಕ್ಕರು. ಅವರಿಗೇ ಅರವತ್ತೈದರ ಮೇಲಾಗಿದೆ, ಸೆಂಡಾಯ್‌ನಲ್ಲಿ ಸಂಸಾರ. ಅಮ್ಮನನ್ನು ಇನ್ನು ಒಬ್ಬರೇ ಬಿಡೋದು ಕಷ್ಟ, ಮಾರ್ಚ್ ಕೊನೆಯ ಭಾನುವಾರ ಸೆಂಡಾಯ್‌ಗೆ ಕರೆದುಕೊಂಡು ಹೋಗುತ್ತೇನೆ, ಇಷ್ಟು ದಿನ ನಿಮ್ಮ ಮಗಳು ಅಮ್ಮನಿಗೆ ಜೊತೆಯಾಗಿದ್ದಳು ಅಂತ ಆಳವಾಗಿ ಬಾಗಿದರು. ನಾನೂ ಬಾಗಿದೆ. ಬಾಗಿದ್ದೇ ಒಳ್ಳೆಯದಾಯಿತು, ಮುಖ ಕಾಣಿಸಲಿಲ್ಲ. ಅಬ್ಬ ಅನ್ನಿಸಿತು ನನಗೆ. ಸೆಂಡಾಯ್ ಅಂದರೆ ಒಸಾಕಾದಿಂದ ಎಷ್ಟು ದೂರ ಅಂತ ಅಲ್ಲೇ ನಿಂತು ಫೋನಿನಲ್ಲಿ ನೋಡಿದೆ. ಸಾಕಷ್ಟು ದೂರವಿತ್ತು.

ಮಗಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಅವಳ ಚಿಂತೆಯೇ ಬೇರೆ. ಕಥೆ ಎಂಟನೇ ಇನ್ನಿಂಗ್ಸು ಮುಗಿದು ನಿಂತುಬಿಟ್ಟಿತ್ತು. ಒಂಬತ್ತನೇದು ಹೇಳಿ ಅಂದರೆ ಅಜ್ಜಿ ಕಾಳುಗಳನ್ನು ಡಬ್ಬಕ್ಕೆ ತುಂಬಿ, ಟೀ ಕುಡಿಯೋಣ ಅನ್ನುತ್ತಿದ್ದರು. ದಿನಾ ಕೇಳಿದಳು. ಕಾಡಿದಳು, ಬೇಡಿದಳು. ಊಹೂಂ. ಅವಳು ಸಪ್ಪೆ ಮುಖ ಮಾಡಿಕೊಂಡು ಬಂದಾಗ ನನಗೆ ಪಾಪ ಅನ್ನಿಸುವುದರ ಜೊತೆಗೇ ಒಳಗೊಳಗೇ ಹಿಗ್ಗಾಗುತ್ತಿತ್ತು. ನೋಡು, ನಿನ್ನ ಒಬಾಚಾನ್ ಕೂಡ ಎಲ್ಲ ಕೊಡುವವರಲ್ಲ. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಆ ಮಾರ್ಚಿನ ಕೊನೆಯ ಭಾನುವಾರವೇ ಕೋಬೆಯಲ್ಲಿ ನಮ್ಮ ಕನ್ನಡದವರ ಯುಗಾದಿ ಕೂಟವಿತ್ತು. ಬೇರೆ ವರ್ಷ ಹೋದರೆ ಹೋದೆ, ಬಿಟ್ಟರೆ ಬಿಟ್ಟೆ. ಆ ವರ್ಷ ಮೊದಲು ಹೆಸರು ಕೊಟ್ಟವಳು ನಾನು. ಮಗಳಿಗೆ ಮಕ್ಕಳ ನಾಟಕದಲ್ಲಿ ಪುಟ್ಟ ಪಾತ್ರವೂ ಕೊಡಿಸಿದೆ, ಕನ್ನಡದಲ್ಲಿ ನಾಲ್ಕು ಮಾತು. ದಿನ ನೋಡಿಯೇ ಕೊಡಿಸಿದ್ದು. ಸಾಮಾನು ಸಾಗಿಸುವ ಲಾರಿ ಬರುವಾಗ, ಅಜ್ಜಿ ಹೊರಡುವಾಗ, ಅವಳು ರೇಷ್ಮೆ ಲಂಗ ಹಾಕಿಕೊಂಡು ನನ್ನ ಜೊತೆ ರೈಲಿನಲ್ಲಿರಬೇಕು. ಅತ್ತು ಕರೆದು ಬೀಳ್ಕೊಡುವುದು, ನೆನಪು ಉಳಿಯುವುದು, ಅದೆಲ್ಲ ಬೇಡ ಅಂತ ನನ್ನ ಲೆಕ್ಕ. ಮಗಳಿಗೆ ಹೇಳಿದಾಗ ಓಕೆ ಅಂದಳು. ವಾದ ಮಾಡಿದ್ದರೆ ನಾನೂ ನಾಲ್ಕು ಮಾತು ಜೋರು ಮಾಡಿ ಹಗುರವಾಗುತ್ತಿದ್ದೆ.

ಹಿಂದಿನ ದಿನ ಶನಿವಾರ ಮಧ್ಯಾಹ್ನ ಅಜ್ಜಿ ನಮ್ಮ ಬಾಗಿಲು ತಟ್ಟಿದರು. ಇಷ್ಟು ದಿನದಲ್ಲಿ ಅವರು ನಮ್ಮ ಮನೆಯೊಳಗೆ ಬಂದಿದ್ದು ಅದೇ ಮೊದಲು. ಕೈಯಲ್ಲಿ ನನ್ನ ಸ್ಟೀಲ್ ಡಬ್ಬಿ, ಬಟ್ಟೆಯ ಗಂಟಿಲ್ಲ. ಕೊನೆಯ ಸಲ ಅದರಲ್ಲಿ ರವೆಉಂಡೆ ಕಳಿಸಿದ್ದೆ. ಇಸಿದುಕೊಂಡರೆ ಹಗುರ. ಮುಚ್ಚಳ ತೆಗೆದೆ. ಖಾಲಿ. ತುಂಬಿಸಿ ಕಳಿಸಿದ ಡಬ್ಬಿ ಖಾಲಿ ವಾಪಸ್ ಬಂದರೆ ನಮ್ಮ ಕಡೆ ಹೆಂಗಸರಿಗೆ ಹೇಗಾಗುತ್ತೆ ಅಂತ ನಿಮಗೆ ಗೊತ್ತಿರಬಹುದು. ಮೈ ಉರಿದುಹೋಯಿತು. ಮ್ಯಾಚು ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದಾರೆ ಅನ್ನಿಸಿತು.

ಅಜ್ಜಿ ನೆಲದ ಮೇಲೆ ಕೂತು ನಿಧಾನವಾಗಿ ಏನೋ ಹೇಳಿದರು. ಅವರ ಹಳೇ ಒಸಾಕಾ ಮಾತು, ಅದರಲ್ಲೂ ಕಟ್ಟಿಸಿದ ಹಲ್ಲು, ನನಗೆ ಅರ್ಧವೂ ಅರ್ಥವಾಗಲಿಲ್ಲ. ಮಗಳು ಇಂಗ್ಲಿಷಿನಲ್ಲಿ ಹೇಳೋಕೆ ಶುರುಮಾಡಿದಳು. ಅಜ್ಜಿ ಅವಳ ಮೊಣಕಾಲಿನ ಮೇಲೆ ಕೈಯಿಟ್ಟು ತಡೆದು ಏನೋ ಅಂದರು. ಅವಳು ನನ್ನ ಮುಖ ನೋಡಿದಳು, ನೆಲ ನೋಡಿದಳು. ಮನೆಯಲ್ಲಿ ಅಮ್ಮ ಯಾವ ಮಾತು ಆಡುತ್ತಾಳೋ ಅದರಲ್ಲೇ ಹೇಳು ಅಂದಿದ್ದರಂತೆ. ಹಾಗಾಗಿ ನನ್ನ ಮಗಳು, ಒಂದು ಲೋಟ ನೀರು ಬೇಕಾದರೂ ಇಂಗ್ಲಿಷಿನಲ್ಲಿ ಕೇಳುವವಳು, ಒಂದೊಂದೇ ಪದ ಹುಡುಕಿ ಹುಡುಕಿ ಕನ್ನಡದಲ್ಲಿ ಹೇಳತೊಡಗಿದಳು.

ಅಡುಗೆಮನೆ ಎಲ್ಲ ಪೆಟ್ಟಿಗೆಗೆ ಹೋಗಿದೆ, ಡಬ್ಬಿಗೆ ಹಾಕೋಕೆ ಏನೂ ಇಲ್ಲ. ಅದಕ್ಕೆ ಬದಲು ಒಂಬತ್ತನೇ ಇನ್ನಿಂಗ್ಸು ತಂದಿದ್ದೇನೆ. ಇದು ನಿನಗಲ್ಲ, ನಿಮ್ಮಮ್ಮನಿಗೆ. ಯಾಕೆಂದರೆ ಇಷ್ಟು ವರ್ಷದಲ್ಲಿ ಆ ಸೋಲು ತೀರಾ ಚಿಕ್ಕದು ಅಂತ ನನಗೆ ಸಮಾಧಾನ ಹೇಳಿದವರು ನಿಮ್ಮಮ್ಮ ಒಬ್ಬರೇ.

ಮಗಳ ಕನ್ನಡವನ್ನು ಹಾಗೇ ಬರೆಯೋಕೆ ನನ್ನಿಂದಾಗಲ್ಲ. ಅವಳು ಹೇಳಿದ್ದರ ಸಾರ ಇಷ್ಟು. ಆ ಹುಡುಗಿಗೆ, ಅಂದರೆ ಆಗಿನ ಅಜ್ಜಿಗೆ, ಬೇಸ್‌ಬಾಲ್ ಕಂಡರೆ ಆಗುತ್ತಿರಲಿಲ್ಲ. ಅಪ್ಪನಿಗೆ ಸಿಗುತ್ತಿದ್ದ ರಜೆಯನ್ನೆಲ್ಲ ಅದು ನುಂಗುತ್ತಿತ್ತು. ಆವತ್ತು ಹಟ ಮಾಡಿ ಜೊತೆಗೆ ಹೋಗಿದ್ದು ಆಟ ನೋಡೋಕಲ್ಲ, ಅಪ್ಪನ ಟೀಮು ಸೋಲಲಿ ಅಂತ. ಎಷ್ಟು ಸೋಲಬೇಕು ಅಂದರೆ ಅಪ್ಪನಿಗೆ ಬೇಜಾರಾಗಿ ಇನ್ನು ಯಾವತ್ತೂ ಹೋಗಬಾರದು. ಎದುರಾಳಿಗಳ ಒಂದೊಂದು ರನ್ನಿಗೂ ಅವಳು ಅಂಗಿಯ ತೋಳಿನೊಳಗೆ ಚಪ್ಪಾಳೆ ತಟ್ಟುತ್ತಿದ್ದಳು. ಐದಾಯಿತು, ಹತ್ತಾಯಿತು, ಇಪ್ಪತ್ತು ದಾಟಿತು. ಅಪ್ಪ ಏಳಲಿಲ್ಲ, ಇನ್ನೂ ಮುಗಿದಿಲ್ಲ ಅಂತ ಕೂತೇ ಇದ್ದರು. ಎಂಟು ಮುಗಿದಾಗ ಅವಳಿಗೆ ತಡೆಯಲಾಗಲಿಲ್ಲ. ಹೊಟ್ಟೆನೋವು ಅಂತ ಸುಳ್ಳೇ ಅತ್ತಳು. ಅಪ್ಪ ಒಂದು ಸಲ ಮೈದಾನ ನೋಡಿದರು, ಒಂದು ಸಲ ಅವಳನ್ನು ನೋಡಿದರು, ಎದ್ದರು. ನೀಲಿ ಉಗುರಿನ ಆ ಕೈ ಹಿಡಿದುಕೊಂಡು ಹೊರಗೆ ಬಂದಾಗ ಅವಳಿಗೆ ಆದ ಖುಷಿ ಅಷ್ಟಿಷ್ಟಲ್ಲ. ಅವಳು ಗೆದ್ದಿದ್ದಳು.

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ಹಿಂದೆ ಮೈದಾನದಿಂದ ಒಂದು ಕೂಗು ಎದ್ದಿತಂತೆ. ಉಳಿದಿದ್ದ ಸ್ವಲ್ಪವೇ ಜನ, ಆದರೂ ಎಲ್ಲರೂ ಒಟ್ಟಿಗೇ. ಎಂಟು ಮುಗಿದಾಗ ಅಪ್ಪನ ಟೀಮಿನದು ಒಂದು ರನ್ನಾಗಿತ್ತು. ಮಾರನೇ ದಿನ ಊರವರ ಬಾಯಲ್ಲಿ ಎರಡು ಅಂತಿತ್ತು. ಅಪ್ಪ ಬೆಳಗಿನಿಂದ ಯಾವುದಕ್ಕಾಗಿ ಕಾದು ಕೂತಿದ್ದರೋ ಅದು ಅವರ ಬೆನ್ನ ಹಿಂದೆ ಆಯಿತು. ಅದರ ಮಾರನೇ ವರ್ಷ ಅವರಿಗೆ ಸೈನ್ಯದಿಂದ ಕರೆ ಬಂತು. ಹೋದವರು ವಾಪಸ್ ಬರಲಿಲ್ಲ. ಒಂಬತ್ತನೇ ಇನ್ನಿಂಗ್ಸು ಅಜ್ಜಿ ನೋಡಿಯೇ ಇಲ್ಲ, ಅದಕ್ಕೇ ಹೇಳಲಿಲ್ಲ.

ಇಲ್ಲಿಗೆ ಬಂದಾಗ ಮಗಳು ನಿಲ್ಲಿಸಿದಳು. ಅಜ್ಜಿ ಇನ್ನೊಂದು ಮಾತು ಹೇಳಿದರು, ಅವಳು ಅದಕ್ಕೆ ತುಂಬ ಹೊತ್ತು ಪದ ಹುಡುಕಿದಳು.

"ಆ ಕೂಗು ಕೇಳಿದಾಗ ಅವರಪ್ಪ ನಿಂತ್ಕೊಂಡ್ರಂತೆ, ಅಮ್ಮ. ಹಿಂದೆ ನೋಡ್ಲಿಲ್ಲ. ಸುಮ್ಮನೆ ನಿಂತ್ಕೊಂಡ್ರು. ಆದ್ರೆ ಒಬಾಚಾನ್ ಅವರ ಕೈ ಬಿಡ್ಲಿಲ್ಲ."

ಅಜ್ಜಿ ಬಾಗಿ ನಮಸ್ಕಾರ ಮಾಡಿ ಎದ್ದು ಹೋದರು. ಕಣ್ಣು ತುಂಬಿ ಬಂತು, ನಿಜ. ಆದರೆ ನಾನು ಸುಲಭಕ್ಕೆ ಬಗ್ಗುವವಳಲ್ಲ. ಕಥೆ ಕಥೆಯ ಪಾಡಿಗೆ, ನಾಳೆ ಕೋಬೆಗೆ ಹೋಗೋದು ಹೋಗೋದೇ ಅಂದುಕೊಂಡೆ. ಇವಳ ಬಾಯಲ್ಲಿ ಕನ್ನಡ ಹೊರಡಿಸೋಕೆ ನಾನು ಒಂಬತ್ತು ವರ್ಷ ಒದ್ದಾಡಿದೆ, ಆ ಮುದುಕಿ ಮೊಣಕಾಲಿನ ಮೇಲೆ ಒಂದು ಸಲ ಕೈಯಿಟ್ಟು ಹೊರಡಿಸಿಬಿಟ್ಟರಲ್ಲ ಅಂತ ಅದೊಂದು ಹೊಸ ಹೊಟ್ಟೆಯುರಿ ಬೇರೆ ಸೇರಿಕೊಂಡಿತು.

ಭಾನುವಾರ ಬೆಳಿಗ್ಗೆ ಅವಳಿಗೆ ಹಸಿರು ಲಂಗ ಹಾಕಿದೆ, ಎರಡು ಜಡೆ ಹೆಣೆದೆ. ಆ ವಾರ ಶನಿವಾರವೂ ಕೆಲಸವಿದ್ದು ಗಂಡ ಮನೆಗೆ ಬಂದಿರಲಿಲ್ಲ, ಕಾವಾಸಾಕಿಯಿಂದ ನೇರ ಕೋಬೆಗೇ ಬರುವುದು ಅಂತಾಗಿತ್ತು. ನಾವು ಕೆಳಗಿಳಿದಾಗ ಲಾರಿ ಬಂದು ನಿಂತಿತ್ತು, ಸಮವಸ್ತ್ರ ಹಾಕಿದ ಹುಡುಗರು ಅಜ್ಜಿಯ ಪೆಟ್ಟಿಗೆಗಳನ್ನು ಓಡೋಡಿ ಹೊರುತ್ತಿದ್ದರು. ಅಜ್ಜಿ ಇನ್ನೂ ಮೇಲಿದ್ದರು. ನಾನು ಮಗಳ ಕೈ ಹಿಡಿದು ಸರಸರ ನಡೆದೆ. ಕೊಂಬಿನಿ ಅಂಗಡಿ ದಾಟಿದೆವು, ಮೂಲೆ ತಿರುಗಿದೆವು, ಸ್ಟೇಷನ್ನಿನ ಮೆಟ್ಟಿಲು ಕಾಣಿಸಿತು. ನಾನು ಮನಸ್ಸಿನಲ್ಲಿ ಗೆದ್ದೆ ಅಂದುಕೊಂಡೆ. ಸುಳ್ಳು ಹೇಳಲಾರೆ, ಖುಷಿಯೇ ಆಗಿತ್ತು.

ಆಗ ಹಿಂದಿನಿಂದ ಲಾರಿಯ ಬಾಗಿಲು ಧಡಾರನೆ ಮುಚ್ಚಿದ ಸದ್ದು ಬಂತು.

ಮಗಳು ನಿಂತುಬಿಟ್ಟಳು. ಹಿಂದೆ ನೋಡಲಿಲ್ಲ. ಅಳಲಿಲ್ಲ. ಸುಮ್ಮನೆ ನಿಂತಳು. 

ಅವಳ ಕೈ ನನ್ನ ಕೈಯಲ್ಲೇ ಇತ್ತು. ಹಿಡಿತ ಇದ್ದಿದ್ದು ನನ್ನದು ಮಾತ್ರ, ಅವಳದು ಯಾವಾಗಲೋ ಸಡಿಲವಾಗಿತ್ತು. ಅದು ನನಗೆ ಆಗ ಗೊತ್ತಾಯಿತು. ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗೆ ಉರಿಯಿತು, ಅದರ ಮಧ್ಯೆಯೇ ಕೈ ಬಿಟ್ಟೆ. ಹೋಗು ಅಂದೆ.

ಅವಳು ಲಂಗ ಎತ್ತಿಕೊಂಡು ಓಡಿದಳು. ಅವಳ ಬೆನ್ನು ನೋಡುತ್ತಾ ಅಲ್ಲೇ ನಿಂತೆ. ನಾನು ಅಷ್ಟು ದೂರದಿಂದ ಬಂದಾಗ ಈ ಹುಡುಗಿ ಯಾವತ್ತಾದರೂ ಹೀಗೆ ಓಡಿ ಬಂದಿದ್ದಾಳಾ ಅಂತ ನೆನಪು ಮಾಡಿಕೊಳ್ಳುತ್ತಿದ್ದೆ. ಮೂಲೆಯವರೆಗೆ ಹೋದವಳು ಅಲ್ಲಿ ನಿಂತು ತಿರುಗಿದಳು. ನಾನು ಬರುತ್ತಿಲ್ಲ ಅಂತ ನೋಡಿ ಅಷ್ಟೂ ದೂರ ವಾಪಸ್ ಓಡಿ ಬಂದಳು. ಏದುಸಿರು ಬಿಡುತ್ತಾ ನನ್ನ ಕೈ ಹಿಡಿದು ಎಳೆದಳು.

"ಬಾ ಅಮ್ಮ," ಅಂದಳು, ಕನ್ನಡದಲ್ಲೇ. "ಇನ್ನೂ ಮುಗ್ದಿಲ್ಲ."

ಹೋದೆ. ಹೊಟ್ಟೆಕಿಚ್ಚು ಎಲ್ಲೂ ಹೋಗಿರಲಿಲ್ಲ, ಅದನ್ನೂ ಜೊತೆಗೆ ಕರೆದುಕೊಂಡೇ ಓಡಿದೆ.